ವೆರಿ ಅಂದ್ರೂ ತುಂಬಾ, ಟೂ ಅಂದ್ರೂ ತುಂಬಾ?!

ಮೊನ್ನೆ ಊರಿಗೆ ಹೋಗಿದ್ದೆ. ಅಕ್ಕನ ಮಗಳು ಒಂಬತ್ತನೇ ಕ್ಲಾಸು. ನಮ್ಮೂರಿನ ಬಗ್ಗೆ ಇಂಗ್ಲಿಷಿನಲ್ಲಿ ಹತ್ತು ಸಾಲು ಬರೆದಿದ್ದ ನೋಟ್ ಬುಕ್ಕು ತಂದು ಮುಂದೆ ಹಾಕಿದಳು. ಮೂರನೇ ಸಾಲಿಗೆ ಕೆಂಪು ಇಂಕಿನಲ್ಲಿ ಸುತ್ತು. "ಉಚ್ಚಂಗಿದುರ್ಗ ಹಿಲ್ ಈಸ್ ಟೂ ಹೈ. ಮೈ ಗ್ರ್ಯಾಂಡ್‌ಮದರ್ ಕ್ಲೈಂಬ್ಸ್ ಇಟ್ ಎವ್ರಿ ಇಯರ್."

ಸುತ್ತು ಹಾಕಿದವರು ಯಾಕೆ ಅಂತ ಬರೆದಿಲ್ಲ. ಓದಿ ಹೇಳಿದಾಗ ಯಾರೋ ನಕ್ಕರಂತೆ. "ನಂಗೆ ಇಂಗ್ಲಿಷ್ ತಲೆಗೆ ಹತ್ತಲ್ಲ ಮಾಮ, ಪಿಯುಸಿಗೆ ಸೈನ್ಸ್ ತಗೊಳ್ಳಲ್ಲ, ಅದೆಲ್ಲಾ ಇಂಗ್ಲಿಷಲ್ಲೇ ಇರತ್ತೆ" ಅಂದಳು. ಗಣಿತದಲ್ಲಿ ಕ್ಲಾಸಿಗೇ ಮೊದಲು ಬರೋ ಹುಡುಗಿ! ಒಂದು ಟೂ ಪದದ ದೆಸೆಯಿಂದ ಸೈನ್ಸೇ ಬೇಡ ಅಂತಾಳೆ.

ಅವಳ ಗೈಡು ತೆಗೆದು ನೋಡಿದೆ. ವೆರಿ = ತುಂಬಾ. ಟೂ = ತುಂಬಾ. ಸೋ = ತುಂಬಾ. ಕ್ವೈಟ್ = ತುಂಬಾ. ಅಲ್ಲ ಸ್ವಾಮಿ, ನಾಲ್ಕಕ್ಕೂ ಒಂದೇ ಅರ್ಥ ಆಗಿದ್ದರೆ ಆ ಇಂಗ್ಲಿಷಿನವರಿಗೆ ನಾಲ್ಕು ಪದ ಯಾಕೆ ಬೇಕಿತ್ತು? ನಾನು ಓದುವಾಗಲೂ ಇದೇ ಪಟ್ಟಿ ಇತ್ತು. ನಮ್ಮ ಹರಪನಹಳ್ಳಿ ತಾಲೂಕು 1997ರಲ್ಲಿ ಬಳ್ಳಾರಿ ಬಿಟ್ಟು ದಾವಣಗೆರೆಗೆ ಸೇರಿತು, ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಹೋಯಿತು. ಜಿಲ್ಲೆ ಇಷ್ಟು ಸಲ ಬದಲಾದರೂ ಗೈಡಿನ ಆ ಸಾಲು ಮಾತ್ರ ಬದಲಾಗಿಲ್ಲ!

ಈ ಪಟ್ಟಿಯ ಏಟು ನಾನೂ ತಿಂದವನೇ. ಬೆಂಗಳೂರಿನಲ್ಲಿ ಮೊದಲನೇ ಇಂಟರ್‌ವ್ಯೂ. "ಐ ಆಮ್ ಟೂ ಇಂಟರೆಸ್ಟೆಡ್ ಇನ್ ದಿಸ್ ಜಾಬ್" ಅಂದೆ. ಎದುರಿಗಿದ್ದವರು ನಕ್ಕು, ಹಾಗಾದರೆ ಸ್ವಲ್ಪ ಕಡಿಮೆ ಮಾಡಿಕೊಳ್ಳಿ ಅಂದರು. ಯಾಕೆ ನಕ್ಕರು ಅಂತ ಗೊತ್ತಾಗಲಿಲ್ಲ. ಗೊತ್ತಾಗೋಕೆ ಇನ್ನೆರಡು ವರ್ಷ ಬೇಕಾಯಿತು. ಆ ಕೆಲಸ ಸಿಗಲಿಲ್ಲ ಅಂತ ಬೇರೆ ಹೇಳಬೇಕಿಲ್ಲ.

"ಅದಕ್ಕೇ ಹೇಳೋದು, ಇಂಗ್ಲಿಷನ್ನ ಇಂಗ್ಲಿಷಲ್ಲೇ ಕಲಿಸಬೇಕು, ಮಧ್ಯೆ ಕನ್ನಡ ತಂದರೆ ಹೀಗೇ ಆಗೋದು" ಅಂತ ಹೇಳೋರಿದ್ದಾರೆ. ನನ್ನ ಜಗಳ ಇರೋದು ಇವರ ಜೊತೆಗೇ. ತಪ್ಪು ಕನ್ನಡದ್ದಲ್ಲ. ಗೈಡಿನಲ್ಲಿರೋದು ಬಡಕಲು ಕನ್ನಡ, ತಪ್ಪು ಅದರದ್ದು. ನಮ್ಮ ಅಜ್ಜಿಯ ಕನ್ನಡ ಬಳಸಿದ್ದರೆ ಈ ಹುಡುಗಿ ಒಂದೂ ತಪ್ಪು ಮಾಡುತ್ತಿರಲಿಲ್ಲ. ಹೇಗೆ ಅಂತ ಹೇಳುತ್ತೇನೆ, ಕೇಳಿ.

ಅಜ್ಜಿಯನ್ನೇ ಕರೆದು ಕೇಳಿದೆ, "ಗುಡ್ಡ ಭಾಳ ಎತ್ರ ಐತೇನಬೆ?" "ಭಾಳ ಎತ್ರ ಐತಿ. ಆದ್ರ ಹತ್ತಲಾರದಷ್ಟು ಎತ್ರ ಏನಿಲ್ಲ ಬಿಡು" ಅಂದಳು. ಮುಗಿಯಿತು! ಭಾಳ ಎತ್ರ ಅಂದರೆ ವೆರಿ ಹೈ. ಹತ್ತಲಾರದಷ್ಟು ಎತ್ರ ಅಂದರೆ ಟೂ ಹೈ ಟು ಕ್ಲೈಂಬ್. ಟೂ ಅನ್ನೋದು ಬರೀ ಹೆಚ್ಚಲ್ಲ, ಅಳತೆ ಮೀರಿದ್ದು, ಇನ್ನೊಂದು ಕೆಲಸಕ್ಕೆ ಅಡ್ಡ ಬರುವಷ್ಟು ಹೆಚ್ಚು. ಭರತ ಹುಣ್ಣಿಮೆಗೆ ಉಚ್ಚಂಗೆಮ್ಮನ ಗುಡಿ ಹತ್ತಿರ 'ಕಾಲಿಡಲಾರದಷ್ಟು ಮಂದಿ' ಅಂತೀವಲ್ಲ, ಆ 'ಲಾರದಷ್ಟು' ಇದೆಯಲ್ಲ, ಅದೇ ಟೂ. ಗುಡ್ಡ ಟೂ ಹೈ ಆಗಿದ್ದರೆ ಅಜ್ಜಿ ಪ್ರತಿ ವರ್ಷ ಹತ್ತೋದು ಹೇಗೆ? ಕೆಂಪು ಸುತ್ತಿನ ಕಾರಣ ಇಷ್ಟೇ. ಹೇಳಿಕೊಡೋಕೆ ಎರಡು ನಿಮಿಷ ಸಾಕು.

ಮುಂದಕ್ಕೆ ಹೋಗಿ. ಕುಡಿಯಲಾರದಷ್ಟು ಬಿಸಿ ಅಂದರೆ ಟೂ ಹಾಟ್ ಟು ಡ್ರಿಂಕ್. 'ಲಾರದ' ತೆಗೆದು ಕುಡಿಯುವಷ್ಟು ಬಿಸಿ ಅನ್ನಿ, ಹಾಟ್ ಎನಫ್ ಟು ಡ್ರಿಂಕ್ ಆಯಿತು. ಎಷ್ಟು ಬಿಸಿ ಅಂದ್ರೆ ನಾಲಿಗೆ ಸುಟ್ಟಿತು ಅನ್ನಿ, ಸೋ ಹಾಟ್ ದಟ್ ಬಂತು. ಜ್ವರ ನಿನ್ನೆಗಿಂತ ಎಷ್ಟೋ ವಾಸಿ ಅಂದರೆ ಮಚ್ ಬೆಟರ್. ನಮ್ಮ ಹುಡುಗರು ಬರೆಯೋ ವೆರಿ ಬೆಟರ್ ತಪ್ಪು ಯಾಕೆ ಅಂತ ಈ 'ಎಷ್ಟೋ' ಹೇಳುತ್ತದೆ. ಒಂದರ ಜೊತೆ ಇನ್ನೊಂದನ್ನು ಹೋಲಿಸುವಾಗ ಆ ಎರಡರ ಅಂತರವನ್ನು ಅಳೆಯಬೇಕು. ಇಂಗ್ಲಿಷಿನಲ್ಲಿ ಆ ಕೆಲಸ ಮಚ್‌ದು, ವೆರಿದಲ್ಲ.

ಇನ್ನು ವೆರಿ ಹಾಕಲೇಬಾರದ ಪದಗಳಿವೆ. ವೆರಿ ಪರ್ಫೆಕ್ಟ್, ವೆರಿ ಎಕ್ಸಲೆಂಟ್ ಅಂದರೆ ಇಂಗ್ಲಿಷ್ ಕಿವಿಗೆ ಕಿರಿಕಿರಿ. ಯಾಕೆ? ಕನ್ನಡದಲ್ಲಿ 'ತುಂಬಾ ಕಗ್ಗತ್ತಲು' ಅಂತ ಯಾರಾದರೂ ಅಂತಾರಾ? 'ತುಂಬಾ ತುತ್ತತುದಿ', 'ತುಂಬಾ ಬಟ್ಟಬಯಲು'? ಆಗಲೇ ತುದಿ ಮುಟ್ಟಿರೋ ಮಾತಿಗೆ ಮತ್ತೆ ಏಣಿ ಹಾಕಿದ ಹಾಗೆ. ಮೊತ್ತಮೊದಲು, ನಟ್ಟನಡು, ಕಟ್ಟಕಡೆ... ಹೈಸ್ಕೂಲಿನ ವ್ಯಾಕರಣದಲ್ಲಿ ದ್ವಿರುಕ್ತಿ ಅಂತ ಉರು ಹೊಡೆಸುತ್ತಾರೆ. ಅದೇ ದಿನ ಮುಂದಿನ ಪಿರಿಯಡ್ಡಿನಲ್ಲಿ ಇಂಗ್ಲಿಷ್ ಮೇಷ್ಟ್ರು ಬಂದಾಗ ಅದನ್ನು ಇದಕ್ಕೆ ಜೋಡಿಸೋರು ಯಾರೂ ಇಲ್ಲ!

ಜೋಡಿ ಪದಗಳೂ ಹಾಗೇ. ಫಾಸ್ಟ್ ಅಸ್ಲೀಪ್, ವೈಡ್ ಅವೇಕ್ ಅಂತ ಯಾಕೆ, ಅದಲು ಬದಲು ಯಾಕಾಗಲ್ಲ ಅಂತ ಮಕ್ಕಳು ಕೇಳುತ್ತಾರೆ. ಕಡುಬಡವ ಅಂತೀವಿ, ಕಡುಶ್ರೀಮಂತ ಅನ್ನಲ್ಲ, ಆಗರ್ಭ ಶ್ರೀಮಂತ ಅಂತೀವಿ. ಆಗರ್ಭ ಬಡವನನ್ನ ಎಲ್ಲಾದರೂ ಕಂಡಿದ್ದೀರಾ? ರೂಢಿ ಕಣ್ರೀ, ಅಷ್ಟೇ. ಅವರಿಗೆ ಟೆರಿಬ್ಲಿ ಗುಡ್ ಇದ್ದರೆ ನಮಗೂ 'ಭಯಂಕರ ಚೆನ್ನಾಗಿದೆ' ಇದೆ. ವೆರಿ ಅನ್ನೋ ಪದವೇ ಫ್ರೆಂಚಿನ ಕಡೆಯಿಂದ ಬಂದಿದ್ದು, ಮೂಲದಲ್ಲಿ ಅದರ ಅರ್ಥ 'ನಿಜವಾದ' ಅಂತ. 'ನಿಜಕ್ಕೂ ಚೆನ್ನಾಗಿದೆ' ಅನ್ನೋ ನಮಗೆ ಅದೂ ಹೊಸದಲ್ಲ.

ಎಲ್ಲವೂ ಹೀಗೇ ಹೊಂದುತ್ತದೆ ಅಂತ ನಾನು ಹೇಳುತ್ತಿಲ್ಲ. ನಮ್ಮ ತುಂಬಾ ಕ್ರಿಯಾಪದದ ಜೊತೆಗೂ ಹೋಗುತ್ತದೆ, 'ತುಂಬಾ ನಗ್ತಾಳೆ'. ಅವರ ವೆರಿ ಹಾಗೆ ಹೋಗಲ್ಲ, ಅಲ್ಲಿ ಎ ಲಾಟ್ ಬೇಕು. ನಮ್ಮ 'ಅಷ್ಟು' ಎತ್ತರದ ಹಿಂದೆ ಬಂದರೆ ಅವರ ಎನಫ್ ಮುಂದೆ ಕೂರುತ್ತದೆ, ಟಾಲ್ ಎನಫ್. 'ಓನ್ಲಿ ಟೂ ಹ್ಯಾಪಿ' ಅಂತ ಇಂಗ್ಲಿಷಿನವರೇ ಅಂತಾರೆ, ಅಲ್ಲಿ ಟೂ ಅಡ್ಡಿಯಲ್ಲ. ಇವನ್ನ ಹೊಸದಾಗಿ ಕಲಿಯಲೇಬೇಕು. ಆದರೆ ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದಲ್ಲ ಅಂತ ಗೊತ್ತಾಗೋಕೂ ಕನ್ನಡ ಎದುರಿಗಿರಬೇಕಲ್ಲ?

ಕನ್ನಡಕ್ಕೆ ಸಂಸ್ಕೃತದ ಅಂಗಿ ತೊಡಿಸಬೇಡಿ ಅಂತ ಡಿ. ಎನ್. ಶಂಕರ ಭಟ್ಟರು 2000ದಲ್ಲೇ 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' ಬರೆದು ಜಗಳ ತೆಗೆದರು. ನನ್ನದು ಅದರ ಪಕ್ಕದ ಸಣ್ಣ ಜಗಳ. ಕನ್ನಡದ ಮಕ್ಕಳಿಗೆ ಕನ್ನಡದ್ದೇ ಇಂಗ್ಲಿಷ್ ವ್ಯಾಕರಣ ಬೇಕು. ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೇ ಕ್ಲಾಸಿಗೇ ಇಂಗ್ಲಿಷ್ ಬಂತು. ಮೊದಲು ಐದನೇ ಕ್ಲಾಸಿಗೆ ಶುರುವಾಗುತ್ತಿತ್ತು. ನಾಲ್ಕು ವರ್ಷ ಮುಂಚೆ ಶುರು ಮಾಡಿಯೂ ಕೊಡೋದು ಇದೇ ಪಟ್ಟಿ ಆದರೆ ಏನು ಬಂತು? ತಪ್ಪನ್ನ ನಾಲ್ಕು ವರ್ಷ ಮುಂಚೆ ಕಲಿತ ಹಾಗಾಯಿತು. ಈ ಪಟ್ಟಿಯಿಂದ ಕನ್ನಡಕ್ಕೂ ನಷ್ಟ. ಕಡು, ಕಗ್ಗ, ಲಾರದಷ್ಟು, ಎಷ್ಟೋ ಎಲ್ಲಾ ಹೋಗಿ ಮಕ್ಕಳ ಬಾಯಲ್ಲಿ ಬರೀ ತುಂಬಾ ತುಂಬಾ ಉಳಿದಿದೆ.

ರಾತ್ರಿ ಕೂತು ಹುಡುಗಿಗೆ ಇಷ್ಟನ್ನೂ ಹೇಳಿದೆ. ಅಜ್ಜಿಯೂ ಪಕ್ಕದಲ್ಲಿದ್ದಳು. ಹುಡುಗಿ ಸಾಲು ತಿದ್ದಿದಳು, "ದಿ ಹಿಲ್ ಈಸ್ ವೆರಿ ಹೈ, ಬಟ್ ನಾಟ್ ಟೂ ಹೈ ಫಾರ್ ಮೈ ಗ್ರ್ಯಾಂಡ್‌ಮದರ್." ಅಜ್ಜಿಗೆ ಕನ್ನಡದಲ್ಲಿ ಓದಿ ಹೇಳಿದರೆ, "ನಾ ಆಗ್ಲೇ ಅಂದ್ನೆಲ್ಲ" ಅಂದಳು.

ಸೈನ್ಸ್ ತಗೊಳ್ತಾಳೋ ಇಲ್ಲವೋ ಇನ್ನೂ ಹೇಳಿಲ್ಲ. ಆ ಗೈಡನ್ನ ಮಾತ್ರ ನಾನು ಬೆಂಗಳೂರಿಗೆ ಎತ್ತಿಕೊಂಡು ಬಂದಿದ್ದೀನಿ. ನಿಮ್ಮ ಮನೆ ಮಕ್ಕಳ ಗೈಡೂ ಒಮ್ಮೆ ತೆಗೆದು ನೋಡಿ.