ಕೊಚ್ಚಿಯ ಕಲಾಪ್ರದರ್ಶನವೂ ಕನ್ನಡದ ವಿಮರ್ಶೆಯೂ

ಕೊಚ್ಚಿಯ ಕಡಲತೀರದಲ್ಲಿ 2012ರ ಡಿಸೆಂಬರ್ 12ರಂದು ಮೊದಲ್ಗೊಂಡ ದ್ವೈವಾರ್ಷಿಕ ಕಲಾಪ್ರದರ್ಶನವು ‘ಕೊಚ್ಚಿ-ಮುಜಿರಿಸ್ ಬಿನಾಲೆ’ ಎಂಬ ಹೆಸರಿನಿಂದ ಲೋಕವಿಖ್ಯಾತವಾಗಿದೆ. 2025ರ ಡಿಸೆಂಬರ್‌ನಲ್ಲಿ ಅದರ ಆರನೆಯ ಆವೃತ್ತಿಯು ಆರಂಭವಾಯಿತು. ವೆನಿಸ್ ನಗರದಲ್ಲಿ 1895ರಲ್ಲಿ ಹುಟ್ಟಿದ ಪದ್ಧತಿಯೊಂದು ಅರಬ್ಬೀ ಸಮುದ್ರದ ದಡದಲ್ಲಿ ಬೇರೂರಿದುದು ಸಣ್ಣ ಸಂಗತಿಯಲ್ಲ. ಅಲ್ಲಿ ಕಂಡುದನ್ನು ಕನ್ನಡಿಗನು ಯಾವ ಮಾತುಗಳಿಂದ ತೂಗಿ ನೋಡಬೇಕೆಂಬ ಪ್ರಶ್ನೆಯನ್ನು ಮಾತ್ರ ನಾವಿನ್ನೂ ಎತ್ತಿಕೊಂಡಿಲ್ಲ.

ಈ ಪ್ರಶ್ನೆ ಮುಂಬಯಿ ಕನ್ನಡಿಗರಿಗೆ ಪರಕೀಯವಾದುದಲ್ಲ. 2016ರ ಮೂರನೆಯ ಆವೃತ್ತಿಯನ್ನು ಸಂಯೋಜಿಸಿದ ಸುದರ್ಶನ ಶೆಟ್ಟಿಯವರು ಮಂಗಳೂರಿನಲ್ಲಿ ಜನಿಸಿ, ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತವರು, ಯಕ್ಷಗಾನ ಕಲಾವಿದರ ಪುತ್ರರು. ಚಿತ್ರಕಾರರೊಡನೆ ಕವಿಗಳನ್ನೂ ನರ್ತಕರನ್ನೂ ಅವರು ಆ ಪ್ರದರ್ಶನಕ್ಕೆ ಆಹ್ವಾನಿಸಿದರು. ಚಿಲಿ ದೇಶದ ಕವಿ ರಾವುಲ್ ಸುರಿತಾ ಆಸ್ಪಿನ್‌ವಾಲ್ ಭವನದ ವಿಶಾಲವಾದ ಕೋಠಿಯೊಂದರಲ್ಲಿ ಸಮುದ್ರದ ನೀರನ್ನು ತುಂಬಿಸಿ, ಗೋಡೆಗಳಲ್ಲಿ ಕವಿತೆಯ ಸಾಲುಗಳನ್ನು ಇರಿಸಿದರು. ನೋಡಬಂದವರು ಆ ನೀರಿನಲ್ಲಿಯೇ ನಡೆದು ಅವುಗಳನ್ನು ಓದಬೇಕಾಗಿತ್ತು. 2015ರಲ್ಲಿ ಆಶ್ರಯವನ್ನರಸಿ ಹೊರಟು ಕಡಲಿನಲ್ಲಿ ಮುಳುಗಿದ ಸಿರಿಯಾದ ಬಾಲಕ ಗಾಲಿಪ್ ಕುರ್ದಿಗೆ ಆ ಕೃತಿಯು ಅರ್ಪಿತವಾಗಿತ್ತು.

‘ಇದರಲ್ಲಿ ಚಿತ್ರವೆಲ್ಲಿ? ಬರಿಯ ನೀರಲ್ಲವೇ?’ ಎಂದು ಸಾಮಾನ್ಯ ಪ್ರೇಕ್ಷಕನು ಕೇಳಿದರೆ ಆ ಪ್ರಶ್ನೆಯನ್ನು ನಕ್ಕು ತಳ್ಳುವುದು ಸಲ್ಲದು. ನೋಡುವವನ ಕಾಲು ನೆನೆಯುವುದೂ ಕೃತಿಯ ಅಂಗವೆಂದು ಬಿಡಿಸಿ ಹೇಳುವವರು ಬೇಕು. ಮತ್ತೊಬ್ಬರ ದುಃಖವನ್ನು ಹೀಗೆ ಪ್ರದರ್ಶನಕ್ಕಿಡುವುದು ಉಚಿತವೇ ಎಂದು ಕೇಳುವವರೂ ಬೇಕು. ಕಲಾಸಿದ್ಧಾಂತದ ಕೆಲಸ ಇವೆರಡೂ ಆಗಿದೆ.

ಕೊಚ್ಚಿಯ ಉತ್ಸವಕ್ಕೆ ಬಹಳ ಮುಂಚೆಯೇ ಕೇರಳದಲ್ಲಿ ಈ ವಾದವು ನಡೆದಿತ್ತು. ತಿರುವನಂತಪುರದಲ್ಲಿ 1888ರಲ್ಲಿ ಸ್ಥಾಪಿತವಾದ ಕಲಾಶಾಲೆಯು 1975ರಲ್ಲಿ ಲಲಿತಕಲಾ ಕಾಲೇಜಾಯಿತು. ಆ ದಶಕದ ಕೊನೆಯ ವರ್ಷಗಳಲ್ಲಿ ಅಲ್ಲಿನ ವಿದ್ಯಾರ್ಥಿಗಳು ಶಿಕ್ಷಣದ ಸುಧಾರಣೆಗಾಗಿ ಹೋರಾಡಿದರು. ಅಲ್ಲಿ ಓದಿದ ಶಿಲ್ಪಿ ಕೆ. ಪಿ. ಕೃಷ್ಣಕುಮಾರರೂ ಅವರ ಸಂಗಡಿಗರೂ 1987ರಲ್ಲಿ ಬರೋಡದಲ್ಲಿ ಪ್ರದರ್ಶನವೊಂದನ್ನು ಏರ್ಪಡಿಸಿ, ಕಲೆಯು ಸಿರಿವಂತರ ಸರಕಾಗುವುದನ್ನು ಖಂಡಿಸಿದರು. 1989ರಲ್ಲಿ ಸೋದಬಿ ಸಂಸ್ಥೆಯು ಮುಂಬಯಿಯಲ್ಲಿ ಕಲಾಕೃತಿಗಳನ್ನು ಹರಾಜಿಗಿಟ್ಟಾಗ ಈ ಗುಂಪು ಪ್ರತಿಭಟಿಸಿತು. ಅದೇ ವರ್ಷ ಕೃಷ್ಣಕುಮಾರರು ತೀರಿಕೊಂಡರು, ಗುಂಪೂ ಚದುರಿತು. ಆದರೆ 1987ರ ಪ್ರದರ್ಶನದ ಪ್ರಣಾಳಿಕೆಯನ್ನು ಬರೆದ ಅನಿತಾ ದುಬೆಯವರೇ 2018ರಲ್ಲಿ ಕೊಚ್ಚಿ ಬಿನಾಲೆಯ ಸಂಯೋಜಕಿಯಾದರು. ಪ್ರದರ್ಶನಕ್ಕೆ ಮೊದಲು ವಾದ, ವಾದಕ್ಕೆ ಮೊದಲು ಶಾಲೆ ಎಂಬ ಕ್ರಮವು ಇದರಿಂದ ವಿಶದವಾಗುತ್ತದೆ.

ಕೊಚ್ಚಿಯಲ್ಲಿ ಎಲ್ಲವೂ ಸರಿಯಾಗಿದೆಯೆಂದು ನಾವು ಹೇಳುವುದಿಲ್ಲ. 2022ರ ಡಿಸೆಂಬರ್‌ನಲ್ಲಿ ಸಿದ್ಧತೆ ಮುಗಿಯದೆ ಉದ್ಘಾಟನೆಯು 12ರಿಂದ 23ಕ್ಕೆ ಮುಂದೆ ಹೋಯಿತು. ಕಲಾವಿದರೇ ಬಹಿರಂಗ ಪತ್ರ ಬರೆದು ಅತೃಪ್ತಿಯನ್ನು ಸೂಚಿಸಿದರು. ಇದಕ್ಕಿಂತ ಆಳವಾದ ಕೊರತೆಯೊಂದಿದೆ. ಇಂತಹ ಪ್ರದರ್ಶನಗಳ ವ್ಯಾಖ್ಯಾನವೆಲ್ಲವೂ ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ನಡೆಯುತ್ತದೆ. 2014ರಿಂದ ಬಿನಾಲೆಯ ಜೊತೆಯಲ್ಲಿಯೇ ದೇಶದ ಕಲಾಶಾಲೆಗಳ ವಿದ್ಯಾರ್ಥಿಗಳಿಗೂ ಪ್ರದರ್ಶನವುಂಟು. ಕಲಬುರಗಿಯಿಂದಲೋ ಧಾರವಾಡದಿಂದಲೋ ಅಂತಹ ವೇದಿಕೆಗೆ ಹೋಗುವ ತರುಣನು ಕನ್ನಡದಲ್ಲಿ ಯೋಚಿಸಿ ಕೃತಿಯನ್ನು ಮಾಡುತ್ತಾನೆ. ಅದರ ವಿವರಣೆಗೆ ಮಾತ್ರ ಎರವಲು ನುಡಿಗಳನ್ನು ಕಂಠಪಾಠ ಮಾಡಬೇಕಾಗುತ್ತದೆ. ಕೃತಿಯು ಅವನದು, ಅರ್ಥವು ಪರರದು ಎಂಬಂತಾದರೆ ಅವನ ಸ್ವಾತಂತ್ರ್ಯಕ್ಕೇ ಕುಂದು.

ಕನ್ನಡಕ್ಕೆ ಈ ಶಕ್ತಿಯಿಲ್ಲವೆಂದು ಯಾರೂ ಹೇಳಲಾರರು. ಶಿವರಾಮ ಕಾರಂತರು ಚಿತ್ರಕಲೆಯನ್ನು ಕುರಿತು ಕನ್ನಡದಲ್ಲಿಯೇ ಗ್ರಂಥಗಳನ್ನು ರಚಿಸಿದರು. ರಸ, ಧ್ವನಿ, ಔಚಿತ್ಯಗಳೆಂಬ ಪರಿಭಾಷೆ ನಮ್ಮಲ್ಲಿ ಮೊದಲಿನಿಂದಲೂ ಇದೆ. ಸುರಿತಾರ ನೀರಿನಲ್ಲಿ ನಿಂತವನು ಔಚಿತ್ಯದ ಪ್ರಶ್ನೆಯನ್ನು ಕೇಳಿದರೆ ಅದು ಹಳೆಯದಾಗುವುದಿಲ್ಲ. ಪೇಟೆ, ವಲಸೆ, ಯುದ್ಧ ಮೊದಲಾದ ಇಂದಿನ ವಿಷಯಗಳಿಗೆ ಹೊಸ ಪದಗಳನ್ನೂ ನಾವು ರೂಢಿಸಿಕೊಳ್ಳಬೇಕು. ಊರು ಬಿಟ್ಟು ಬಂದು ಈ ನಗರದಲ್ಲಿ ನೆಲಸಿದ ನಮಗೆ ವಲಸೆಯ ಅನುಭವವನ್ನು ಬೇರೆಯವರು ಕಲಿಸಬೇಕಾಗಿಲ್ಲ.

ಆದುದರಿಂದ ನಮ್ಮ ಸೂಚನೆ ಇಷ್ಟು: ಮುಂಬಯಿಯ ಕನ್ನಡ ಸಂಘಗಳು ನಾಟಕ, ಯಕ್ಷಗಾನಗಳಿಗೆ ನೀಡುವ ಮನ್ನಣೆಯ ಒಂದಂಶವನ್ನಾದರೂ ಚಿತ್ರ-ಶಿಲ್ಪಗಳ ಚರ್ಚೆಗೆ ಮೀಸಲಿಡಲಿ. ಕಲಾಶಾಲೆಗಳು ವಿದ್ಯಾರ್ಥಿಗಳಿಂದ ಕನ್ನಡದಲ್ಲಿ ವಿಮರ್ಶೆಯನ್ನು ಬರೆಯಿಸಲಿ. ಪತ್ರಿಕೆಗಳು, ನಮ್ಮದೂ ಸೇರಿ, ಅದಕ್ಕೆ ಸ್ಥಳ ಕೊಡಲಿ. ಜಗತ್ತಿನ ಕಲೆ ನಮ್ಮ ಕಡಲತೀರದವರೆಗೆ ಬಂದಿದೆ. ಅದರೊಡನೆ ಮಾತನಾಡುವ ಹೊಣೆ ನಮ್ಮದು.