ಚಿನ್ನದ ನವಿಲೂ ಸಾಬೂನಿನ ಹೊದಿಕೆಯೂ

ಇಂಗ್ಲಿಷ್ ಪುಸ್ತಕಗಳನ್ನು ಸಂಗ್ರಹಿಸುವವರ ವಲಯದಲ್ಲಿ ‘ನವಿಲಿನ ಆವೃತ್ತಿ’ ಎಂದರೆ ಸಾಕು, ಯಾವ ಕೃತಿ ಎಂದು ಕೇಳಬೇಕಾಗುವುದಿಲ್ಲ. ಜೇನ್ ಆಸ್ಟಿನ್‌ಳ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಕಾದಂಬರಿಯನ್ನು ಲಂಡನ್ನಿನ ಪ್ರಕಾಶಕ ಜಾರ್ಜ್ ಆಲೆನ್ ೧೮೯೪ರಲ್ಲಿ ಹೊರತಂದಾಗ, ಹ್ಯೂ ಥಾಮ್ಸನ್ ಎಂಬ ಕಲಾವಿದ ಅದಕ್ಕೆ ೧೬೦ ಚಿತ್ರಗಳನ್ನು ಬರೆದುಕೊಟ್ಟ. ಕಡುಹಸಿರು ಬಟ್ಟೆಯ ರಟ್ಟಿನ ತುಂಬ ಗರಿಗೆದರಿದ ನವಿಲು, ಅದೂ ಚಿನ್ನದ ಮುದ್ರೆಯಲ್ಲಿ. ಜಾರ್ಜ್ ಸೇಂಟ್ಸ್‌ಬರಿ ಬರೆದ ಮುನ್ನುಡಿಯೂ ಪ್ರಸಿದ್ಧವೇ; ಆಸ್ಟಿನ್ ಭಕ್ತರಿಗೆ ಇಂದು ಸಲ್ಲುವ ‘ಜೇನೈಟ್’ ಎಂಬ ಹೆಸರು ಅಲ್ಲಿಂದಲೇ ಹೊರಟಿತು. ಈ ರಟ್ಟಿನ ಪ್ರತಿಕೃತಿಗಳು ಇಂದಿಗೂ ಅಚ್ಚಾಗುತ್ತಿವೆ, ಉಡುಗೊರೆಯಾಗಿ ಕೈ ಬದಲಾಯಿಸುತ್ತಿವೆ.

ಅದೊಂದು ಸುಂದರ ವಸ್ತು ಎಂಬುದರಲ್ಲಿ ವಿವಾದವಿಲ್ಲ. ಆದರೆ ಕಾದಂಬರಿಯ ಒಳಗಿರುವುದೇನು? ಗಂಡು ವಾರಸುದಾರನಿಲ್ಲದ ಮನೆ. ತಂದೆ ಕಣ್ಣು ಮುಚ್ಚಿದೊಡನೆ ಆಸ್ತಿ ದೂರದ ದಾಯಾದಿಯ ಪಾಲಾಗಿ ಐದು ಹೆಣ್ಣುಮಕ್ಕಳು ನೆಲೆ ಕಳೆದುಕೊಳ್ಳುವ ಭಯ. ಇಪ್ಪತ್ತೇಳರ ಷಾರ್ಲಟ್ ಲ್ಯೂಕಸ್, ಪ್ರೀತಿಯೂ ಗೌರವವೂ ಇಲ್ಲದ ಗಂಡನನ್ನು ಒಂದು ಸೂರಿಗಾಗಿ ಒಪ್ಪಿಕೊಳ್ಳುವ ತಣ್ಣಗಿನ ಲೆಕ್ಕಾಚಾರ. ಥಾಮ್ಸನ್ನನ ರೇಖೆಗಳು ಈ ಆತಂಕವನ್ನು ನಯವಾದ ವಿನೋದವಾಗಿ ಮಾರ್ಪಡಿಸುತ್ತವೆ. ಗರ್ವಕ್ಕೆ ನವಿಲು ಒಪ್ಪುವ ಸಂಕೇತವೇನೋ ಹೌದು. ಬಡತನದ ಅಂಚಿನಲ್ಲಿ ನಿಂತ ಹೆಣ್ಣಿನ ಕಥೆಗೆ ಬಂಗಾರದ ಹೊದಿಕೆ ಹೊದಿಸಿದಾಗ ಓದು ಎತ್ತ ಹೊರಳುತ್ತದೆ ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ.

ಲೇಖಕಿಯ ಕಾಲದಲ್ಲಿ ಈ ಕೃತಿಗೆ ಇಂಥ ವೈಭವವಿರಲಿಲ್ಲ. ೧೮೧೩ರ ಜನವರಿಯಲ್ಲಿ ಥಾಮಸ್ ಎಗರ್ಟನ್ ಅದನ್ನು ಮೂರು ಸಂಪುಟಗಳಲ್ಲಿ, ಸಾದಾ ಕಾಗದದ ರಟ್ಟು ಹಾಕಿ, ಹದಿನೆಂಟು ಷಿಲಿಂಗಿಗೆ ಮಾರಿದ. ಶೀರ್ಷಿಕೆ ಪುಟದಲ್ಲಿ ಆಸ್ಟಿನ್‌ಳ ಹೆಸರೂ ಇರಲಿಲ್ಲ. ೧೫೦ ಪೌಂಡು ಬಯಸಿದ್ದ ಆಕೆ ಹಕ್ಕುಗಳನ್ನು ೧೧೦ ಪೌಂಡಿಗೆ ಬಿಟ್ಟುಕೊಟ್ಟಿದ್ದಳು. ಆ ಕಾಗದದ ರಟ್ಟು ತಾತ್ಕಾಲಿಕ. ಕೊಂಡ ಶ್ರೀಮಂತ ಅದನ್ನು ಕಿತ್ತೆಸೆದು ತನ್ನ ಮನೆಯ ಕಪಾಟಿಗೆ ಒಪ್ಪುವ ಚರ್ಮದ ಕಟ್ಟು ಹಾಕಿಸುತ್ತಿದ್ದ. ಇಂದು ಹರಾಜಿನಲ್ಲಿ ಮಿನುಗುವ ಮೊದಲ ಆವೃತ್ತಿಯ ಚರ್ಮ ಹೆಚ್ಚಿನ ಪಾಲು ಕೊಂಡವನ ಅಭಿರುಚಿಯೇ ಹೊರತು ಕೃತಿಯದಲ್ಲ. ಅದಕ್ಕಿಂತಲೂ ಸೋಜಿಗವೆಂದರೆ, ಹಾಳೆಗಳ ಅಂಚು ಸೀಳದೆ ಉಳಿದ ಹಳೆಯ ಪುಸ್ತಕಕ್ಕೆ ಸಂಗ್ರಾಹಕರಲ್ಲಿ ವಿಶೇಷ ಮನ್ನಣೆ. ಅಂದರೆ ಯಾರೂ ಓದಿಲ್ಲವೆಂಬುದೇ ಅದರ ಹೆಗ್ಗಳಿಕೆ!

ನವಿಲಿನ ಆವೃತ್ತಿ ಹೊರಬಂದ ದಶಕದಲ್ಲೇ ಇದೇ ಕಾದಂಬರಿ ಇನ್ನೊಂದು ವೇಷದಲ್ಲಿಯೂ ಇಂಗ್ಲೆಂಡಿನ ಮನೆಗಳನ್ನು ಹೊಕ್ಕಿತು. ಸನ್‌ಲೈಟ್ ಸಾಬೂನಿನ ತಯಾರಕರಾದ ಲಿವರ್ ಸೋದರರು ಸಾಬೂನಿನ ಹೊದಿಕೆಗಳನ್ನು ಕೂಡಿಸಿ ಕಳಿಸಿದ ಎಳೆಯರಿಗೆ ಬಹುಮಾನವಾಗಿ ಪುಸ್ತಕಗಳನ್ನು ಕೊಡುತ್ತಿದ್ದರು; ಆಸ್ಟಿನ್‌ಳ ಎರಡು ಕಾದಂಬರಿಗಳು ಆ ಮಾಲೆಯಲ್ಲಿದ್ದವು. (೧೮೮೮ರಲ್ಲಿ ಕಲಕತ್ತೆಯ ಬಂದರಿಗೆ ಬಂದಿಳಿದ ಸಾಬೂನೂ ಅದೇ.) ಒಗೆಯುವ ಕಲ್ಲಿನ ಬಳಿಯಿಂದ ಬಂದ ಆ ಪ್ರತಿಗಳು ಕೈಯಿಂದ ಕೈಗೆ ಸಾಗಿದವು, ಹರಿದವು, ರದ್ದಿಗೆ ಹೋದವು. ಜನೀನ್ ಬಾರ್ಕಸ್ ೨೦೧೯ರಲ್ಲಿ ಪ್ರಕಟಿಸಿದ ‘ದ ಲಾಸ್ಟ್ ಬುಕ್ಸ್ ಆಫ್ ಜೇನ್ ಆಸ್ಟಿನ್’ ಎಂಬ ಅಧ್ಯಯನ ಇಂಥ ಅಗ್ಗದ ಪ್ರತಿಗಳ ಬೆನ್ನು ಹತ್ತಿದೆ. ಆಸ್ಟಿನ್‌ಳನ್ನು ಜನಸಾಮಾನ್ಯರ ಲೇಖಕಿಯನ್ನಾಗಿಸಿದ ಈ ಆವೃತ್ತಿಗಳನ್ನು ದೊಡ್ಡ ಗ್ರಂಥಾಲಯಗಳು ಕಾಪಾಡಿಡಲಿಲ್ಲ, ಹೀಗಾಗಿ ಗ್ರಂಥಸೂಚಿಗಳೂ ಅವನ್ನು ಕಾಣಲಿಲ್ಲ ಎಂಬುದು ಆಕೆಯ ವಾದ. ಈ ವಾದ ಒಪ್ಪತಕ್ಕದ್ದಾಗಿದೆ. ಚೆಲುವಾದ ಪ್ರತಿಯನ್ನು ಹಣವೇ ಕಾಯುತ್ತದೆ. ಓದಿಸಿಕೊಂಡ ಪ್ರತಿಯನ್ನು ಕಾಯಲು ಯಾರೂ ಇರುವುದಿಲ್ಲ. ಉಳಿದುದನ್ನೇ ಚರಿತ್ರೆಯೆಂದು ಬರೆದಾಗ ಓದುಗರ ಒಂದು ಇಡೀ ವರ್ಗವೇ ಅದರಿಂದ ಹೊರಗುಳಿಯುತ್ತದೆ.

ಇದು ಪರದೇಶದ ಸಂಗತಿಯೆಂದು ಕನ್ನಡ ವಿಭಾಗಗಳು ಕೈತೊಳೆದುಕೊಳ್ಳುವಂತಿಲ್ಲ. ಕನ್ನಡ ಕಾದಂಬರಿಗೆ ಚಿನ್ನದ ನವಿಲಿನ ಯೋಗ ಬಂದದ್ದೇ ಅಪರೂಪ. ಅದು ಬೆಳೆದದ್ದು ಬಹುಮಟ್ಟಿಗೆ ಸಾದಾ ಕಾಗದದ ಮೇಲೆ. ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದುದನ್ನು ಸಾಹಿತ್ಯ ಚರಿತ್ರೆಗಳು ಅಭಿಮಾನದಿಂದ ನೆನೆಯುತ್ತವೆ. ಆದರೆ ಆ ಹೊರೆಯಲ್ಲಿದ್ದ ಪುಸ್ತಕ ಹೇಗಿತ್ತು, ಬೆಲೆಯೆಷ್ಟು, ಯಾರ ಮನೆಯಲ್ಲಿ ಎಷ್ಟು ಜನ ಓದಿದರು ಎಂಬುದನ್ನು ಕೇಳುವ ಸಂಶೋಧನೆ ವಿರಳ. ೧೮೯೯ರ ‘ಇಂದಿರಾಬಾಯಿ’ಯಿಂದ ಮೊದಲುಗೊಂಡು ಬಹುಪಾಲು ಕೃತಿಗಳನ್ನು ವಿದ್ಯಾರ್ಥಿಗಳು ಬಲ್ಲದ್ದು ಮರುಮುದ್ರಣಗಳಿಂದ. ಪಾಠವೇನೋ ಅಲ್ಲಿ ಸಿಗುತ್ತದೆ. ಮುದ್ರಣಾಲಯದ ಹೆಸರು, ಬೆಲೆ, ಚಂದಾದಾರರಿಗೆ ವಿಜ್ಞಾಪನೆ, ಹಿಂಬದಿಯ ಔಷಧಿಯ ಜಾಹೀರಾತು, ಇಂಥವು ಸಿಗುವುದಿಲ್ಲ.

ಹೊರನಾಡಿನಲ್ಲಿ ಈ ನಷ್ಟ ಇನ್ನೂ ಹೆಚ್ಚು. ಮುಂಬಯಿಯಂಥ ನಗರದಲ್ಲಿ ಕನ್ನಡ ಪುಸ್ತಕವೊಂದರ ಮೊದಲ ಪುಟದಲ್ಲಿರುವ ಸಂಘದ ಮುದ್ರೆ, ರಾತ್ರಿಶಾಲೆಯ ಬಹುಮಾನದ ಚೀಟಿ, ಮಾಸಿದ ಶಾಯಿಯ ಹೆಸರು ಇವೆಲ್ಲ ಯಾವ ದಾಖಲೆಯಲ್ಲೂ ಸಿಗದ ಓದುಗರ ಸಾಕ್ಷ್ಯ. ಗ್ರಂಥಾಲಯಗಳು ಬಾಳಿಕೆಯ ಒಳ್ಳೆಯ ಉದ್ದೇಶದಿಂದಲೇ ಅಂಥ ಪುಸ್ತಕದ ಹೊರಪುಟ ಕಿತ್ತು, ಅಂಚು ಕತ್ತರಿಸಿ, ಒಂದೇ ಬಣ್ಣದ ಕ್ಯಾಲಿಕೋ ತೊಡಿಸುತ್ತವೆ. ಎರಡನೆಯ ಪ್ರತಿ ಇದ್ದರೆ, ಹೆಚ್ಚು ಸವೆದುದನ್ನೇ ಮೊದಲು ರದ್ದಿಗೆ ಹಾಕುತ್ತವೆ. ಈ ಕ್ರಮ ತಿರುಗುಮುರುಗಾಗಬೇಕು. ಇದಕ್ಕೆ ದೊಡ್ಡ ಅನುದಾನವೇನೂ ಬೇಡ. ಕಟ್ಟಿಗೆ ಹೋಗುವ ಪುಸ್ತಕದ ಮುಖಪುಟವನ್ನೂ ಕೊನೆಯ ಜಾಹೀರಾತಿನ ಹಾಳೆಯನ್ನೂ ಎಸೆಯದೆ ಒಳಗೇ ಸೇರಿಸಿ ಹೊಲಿಯುವಂತೆ ಬೈಂಡರನಿಗೆ ಒಂದು ಚೀಟಿ ಬರೆದುಕೊಟ್ಟರೆ ಸದ್ಯಕ್ಕೆ ಸಾಕು.