ಹಾಸಿಗೆ ಹುಣ್ಣು: ಹೊರಳಿಸುವ ಕೈಗಳು ಎಲ್ಲಿ?

ರಾಯಚೂರು ಜಿಲ್ಲೆಯಲ್ಲಿ ಆರೋಗ್ಯದ ಮಾತು ಬಂದಾಗಲೆಲ್ಲ ಚರ್ಚೆ ಏಮ್ಸ್ ಬಳಿ ಬಂದು ನಿಲ್ಲುತ್ತದೆ. ಅದಕ್ಕಾಗಿ 2022ರ ಮೇ ತಿಂಗಳಲ್ಲಿ ಆರಂಭವಾದ ಧರಣಿ ವರ್ಷಗಟ್ಟಲೆ ನಡೆಯಿತು. ಬೇಡಿಕೆ ನ್ಯಾಯವಾದದ್ದೇ. ಒಪೆಕ್ ನೆರವಿನಿಂದ ತಲೆಯೆತ್ತಿದ ರಾಜೀವ್ ಗಾಂಧಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಮತ್ತು 2007ರಲ್ಲಿ ಆರಂಭವಾದ ರಿಮ್ಸ್ ಇದ್ದರೂ ಗಂಭೀರ ಕಾಯಿಲೆಗೆ ಹೈದರಾಬಾದ್, ಬೆಂಗಳೂರಿನ ದಾರಿ ಹಿಡಿಯುವವರು ಇದ್ದೇ ಇದ್ದಾರೆ. ಆದರೆ ಕಟ್ಟಡ, ಯಂತ್ರ, ತಜ್ಞರ ಲೆಕ್ಕಾಚಾರದ ನಡುವೆ ಒಂದು ಪ್ರಶ್ನೆ ಮರೆಯಾಗಿಬಿಟ್ಟಿದೆ. ಪಾರ್ಶ್ವವಾಯು, ತಲೆಪೆಟ್ಟು ಅಥವಾ ತೀವ್ರ ಸೋಂಕಿನಿಂದ ಪ್ರಜ್ಞೆ ತಪ್ಪಿ ಮಲಗಿದ ರೋಗಿಯ ಚರ್ಮವನ್ನು ಕಾಯುವವರು ಯಾರು?

ಪ್ರಶ್ನೆ ಕ್ಷುಲ್ಲಕವೆನಿಸಬಹುದು. ಆದರೆ ವೆಂಟಿಲೇಟರ್‌ನಿಂದ ಪಾರಾಗಿ ಬಂದ ರೋಗಿಯನ್ನು ಬೆನ್ನ ಕೆಳಗಿನ ಹುಣ್ಣು ಬಲಿ ತೆಗೆದುಕೊಳ್ಳಬಲ್ಲದು. ಆಳಕ್ಕಿಳಿದ ಹುಣ್ಣು ಮೂಳೆಯನ್ನು ತಲುಪುತ್ತದೆ; ಅಲ್ಲಿಂದ ನಂಜು ರಕ್ತಕ್ಕೆ ಸೇರುತ್ತದೆ.

ಇಲ್ಲಿ ಎರಡು ಬಗೆಯ ಹಾನಿಗಳಿವೆ. ಮೊದಲನೆಯದು ಒತ್ತಡದ್ದು. ದೇಹದ ಭಾರ ಬಾಲಮೂಳೆ, ಸೊಂಟ, ಹಿಮ್ಮಡಿಗಳ ಮೇಲೆ ಬಿದ್ದಾಗ ಅಲ್ಲಿನ ಸೂಕ್ಷ್ಮ ರಕ್ತನಾಳಗಳು ಮುಚ್ಚಿಕೊಳ್ಳುತ್ತವೆ. ನಮಗೆ ನೋವಾಗುತ್ತದೆ, ಮಗ್ಗುಲು ಬದಲಿಸುತ್ತೇವೆ. ಪ್ರಜ್ಞೆಯಿಲ್ಲದವನಿಗೆ ಆ ರಕ್ಷಣೆಯಿಲ್ಲ. ಎರಡನೆಯದು ತೇವದ್ದು. ಆರೋಗ್ಯವಂತ ಚರ್ಮ ತುಸು ಆಮ್ಲೀಯ. ಮಲಮೂತ್ರದ ಮೇಲೆ ಹಿಡಿತ ತಪ್ಪಿದಾಗ ಮೂತ್ರದ ಯೂರಿಯಾ ಅಮೋನಿಯವಾಗಿ ಆ ಆಮ್ಲೀಯತೆಯನ್ನು ಕಳೆಯುತ್ತದೆ. ಮಲದಲ್ಲಿರುವ ಕಿಣ್ವಗಳು ಚರ್ಮವನ್ನೇ ಜೀರ್ಣಿಸತೊಡಗುತ್ತವೆ. ತೀವ್ರ ನಿಗಾ ಘಟಕದಲ್ಲಿ ಆ್ಯಂಟಿಬಯಾಟಿಕ್‌ಗಳಿಂದಲೂ ಕೊಳವೆಯ ಮೂಲಕ ಕೊಡುವ ಆಹಾರದಿಂದಲೂ ಭೇದಿಯಾಗುವುದು ಸಾಮಾನ್ಯ. ನೀರಾದ ಮಲವೇ ಚರ್ಮಕ್ಕೆ ಹೆಚ್ಚು ಅಪಾಯಕಾರಿ. ಹೀಗೆ ನೆನೆದು ಸಡಿಲವಾದ ಚರ್ಮ ಅಲ್ಪ ಒತ್ತಡಕ್ಕೂ, ರೋಗಿಯನ್ನು ಎಳೆದಾಗಿನ ಉಜ್ಜುವಿಕೆಗೂ ಹರಿಯುತ್ತದೆ.

ಎರಡನ್ನೂ ಗುರುತಿಸಿ ಬೇರ್ಪಡಿಸುವುದು ಮುಖ್ಯ. ತೇವದ ಹಾನಿ ತೊಡೆಸಂದಿ, ಪೃಷ್ಠಗಳ ಮೇಲೆ ಅಸ್ಪಷ್ಟ ಅಂಚಿನಿಂದ ಹರಡಿರುತ್ತದೆ. ಒತ್ತಡದ ಹುಣ್ಣು ಮೂಳೆ ಉಬ್ಬಿದೆಡೆ ಕಾಣಿಸಿಕೊಳ್ಳುತ್ತದೆ. ಒಂದಕ್ಕೆ ಶುಚಿತ್ವ ಮತ್ತು ರಕ್ಷಕ ಮುಲಾಮು ಬೇಕು. ಇನ್ನೊಂದಕ್ಕೆ ಭಾರ ತೆಗೆಯದೆ ಯಾವ ಮುಲಾಮೂ ಕೆಲಸ ಮಾಡದು. ಪಠ್ಯಪುಸ್ತಕಗಳು ಮೊದಲ ಲಕ್ಷಣವೆಂದು ಹೇಳುವುದು ಒತ್ತಿದರೂ ಮಾಸದ ಕೆಂಪನ್ನು. ನಮ್ಮ ಜನರ ಕಪ್ಪು ಮೈಬಣ್ಣದಲ್ಲಿ ಆ ಕೆಂಪು ಎದ್ದು ಕಾಣುವುದಿಲ್ಲ. ಕೈಯಿಟ್ಟು ಬಿಸಿ, ಗಡಸುತನ, ನೋವನ್ನು ಪರೀಕ್ಷಿಸದಿದ್ದರೆ ಚರ್ಮ ಒಡೆದ ಮೇಲೆಯೇ ಗೊತ್ತಾಗುವುದು.

ಇದು ವಿಧಿಯಲ್ಲ, ತಡೆಯಬಹುದಾದದ್ದು ಎಂಬುದಕ್ಕೆ ಚರಿತ್ರೆಯೇ ಸಾಕ್ಷಿ. ಬೆನ್ನುಹುರಿಗೆ ಪೆಟ್ಟಾದ ಸೈನಿಕರು ಹಾಸಿಗೆ ಹುಣ್ಣು ಮತ್ತು ಮೂತ್ರದ ಸೋಂಕಿನಿಂದ ಸಾಯುವುದು ಸಹಜವೆಂದು ನಂಬಿದ್ದ ಕಾಲದಲ್ಲಿ, 1944ರಲ್ಲಿ, ಇಂಗ್ಲೆಂಡಿನ ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಯ ವೈದ್ಯ ಲುಡ್ವಿಗ್ ಗುಟ್‌ಮನ್ ಒಂದು ನಿಯಮ ತಂದರು: ಹಗಲಿರುಳೆನ್ನದೆ ಎರಡು ಗಂಟೆಗೊಮ್ಮೆ ರೋಗಿಯನ್ನು ಹೊರಳಿಸಬೇಕು. ಅದಕ್ಕೆ ಬೇಕಾಗಿದ್ದದ್ದು ಕೈಗಳು ಮತ್ತು ಶಿಸ್ತು.

ನಮ್ಮಲ್ಲಿ ಕೊರತೆಯಿರುವುದು ಆ ಕೈಗಳಿಗೇ. ವೆಂಟಿಲೇಟರ್‌ನಲ್ಲಿರುವ ಒಬ್ಬ ರೋಗಿಗೆ ಒಬ್ಬ ಶುಶ್ರೂಷಕಿ ಇರಬೇಕೆಂಬುದು ಒಪ್ಪಿತ ಮಾನದಂಡ. ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಕಾಗದದ ಮೇಲೆಯೇ ಉಳಿಯುವುದು ಹೆಚ್ಚು. ಎರಡು ಗಂಟೆಗೊಮ್ಮೆ ಎಂದರೆ ದಿನಕ್ಕೆ ಹನ್ನೆರಡು ಸಲ. ಎಳೆಯದೆ ಎತ್ತಿ ಹೊರಳಿಸಲು ಇಬ್ಬರು ಬೇಕು. ಅದರ ಮೇಲೆ ಮಲ ಹೋದಾಗಲೆಲ್ಲ ಶುಚಿಗೊಳಿಸಬೇಕು. ಈ ಹೊರೆ ಕೊನೆಗೆ ಬೀಳುವುದು ವಾರ್ಡಿನ ಹೊರಗೆ ಕಾಯುವ ಸಂಬಂಧಿಕರ ಮೇಲೆ. ಅವರಿಗೆ ಕಲಿಸಿದವರಿಲ್ಲ.

ಮನೆಗೆ ಮರಳಿದ ಮೇಲೆ ಸ್ಥಿತಿ ಇನ್ನೂ ಕಠಿಣ. ಯರಗೇರಾ, ದೇವದುರ್ಗ, ಮಾನ್ವಿಯಂತಹ ಕಡೆ ಬೇಸಿಗೆಯ ತಾಪ ನಲವತ್ತು ಡಿಗ್ರಿ ದಾಟುತ್ತದೆ. ಬೆವರೂ ಮೂತ್ರವೂ ಸೇರಿ ಕೌದಿ ನೆನೆದಿರುತ್ತದೆ. ದುಡಿಯುವವರು ಗುಳೆ ಹೋದ ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವುದು ಮುದುಕಿ ಅಥವಾ ಶಾಲೆ ಬಿಟ್ಟ ಹುಡುಗಿ. ಸಾಬೂನಿನಿಂದ ತಿಕ್ಕಿ ತೊಳೆಯುವುದು, ದಪ್ಪಗೆ ಪೌಡರ್ ಬಳಿಯುವುದು, ಕೆಂಪಾದಲ್ಲಿ ನೀವುವುದು, ಇವೆಲ್ಲ ಪ್ರೀತಿಯಿಂದ ಮಾಡುವ, ಆದರೆ ಹಾನಿ ಹೆಚ್ಚಿಸುವ ಆರೈಕೆಗಳು. ಮೃದುವಾಗಿ ಒರೆಸಿ, ಒತ್ತಿ ಒಣಗಿಸಿ, ಪೆಟ್ರೋಲಿಯಂ ಜೆಲ್ಲಿ ಅಥವಾ ಜಿಂಕ್ ಆಕ್ಸೈಡ್ ಮುಲಾಮನ್ನು ತೆಳುವಾಗಿ ಹಚ್ಚುವುದು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ದಿಂಬಿಡುವುದು ದುಬಾರಿಯಲ್ಲ. ಅರ್ಧ ಗಂಟೆಯಲ್ಲಿ ಕಲಿಸಬಹುದಾದ ವಿದ್ಯೆ ಇದು.

ಹಾಗಾದರೆ ಆಗಬೇಕಾದದ್ದೇನು? ಮೊದಲು, ಲೆಕ್ಕ. ದಾಖಲಾದ ದಿನವೇ ರೋಗಿಯ ಅಪಾಯವನ್ನು ಅಳೆಯುವ ಬ್ರೇಡನ್ ಮಾಪಕ 1980ರ ದಶಕದಿಂದ ಬಳಕೆಯಲ್ಲಿದೆ. ತೇವವೂ ಅದರ ಆರು ಅಂಶಗಳಲ್ಲೊಂದು. ಜಿಲ್ಲೆಯ ಪ್ರತಿ ಸರ್ಕಾರಿ ಆಸ್ಪತ್ರೆಯೂ ದಾಖಲಾದ ನಂತರ ಹುಣ್ಣಾದವರ ಸಂಖ್ಯೆಯನ್ನು ತಿಂಗಳಿಗೊಮ್ಮೆ ಪ್ರಕಟಿಸಲಿ. ಆದರೆ ಅದು ಶುಶ್ರೂಷಕಿಯರಿಗೆ ನೋಟಿಸ್ ಕೊಡುವ ನೆಪವಾಗಬಾರದು. ಆಸ್ಪತ್ರೆಯಲ್ಲಿ ಉಂಟಾದ ಆಳವಾದ ಹುಣ್ಣಿನ ಹೆಚ್ಚುವರಿ ವೆಚ್ಚವನ್ನು ಅಮೆರಿಕದ ಮೆಡಿಕೇರ್ 2008ರಿಂದ ನಿರಾಕರಿಸಿತು. ಸಿಬ್ಬಂದಿಯೇ ಇಲ್ಲದ ನಮ್ಮಲ್ಲಿ ಅಂತಹ ದಂಡನೆ ಹುಣ್ಣನ್ನು ಮುಚ್ಚಿಡುವುದನ್ನಷ್ಟೇ ಕಲಿಸೀತು. ಲೆಕ್ಕ ಬೇಕಿರುವುದು ಹುದ್ದೆ ಕೇಳುವುದಕ್ಕೆ.

ಎರಡನೆಯದು, ಮನೆಯವರೆಗೆ ಚಾಚುವ ಆರೈಕೆ. ಕೇರಳ 2008ರಲ್ಲೇ ಉಪಶಾಮಕ ಆರೈಕೆಯ ನೀತಿ ರೂಪಿಸಿ, ಪಂಚಾಯಿತಿಗಳ ಮೂಲಕ ಶುಶ್ರೂಷಕಿಯರನ್ನು ಮನೆಬಾಗಿಲಿಗೆ ಕಳುಹಿಸಿತು. ನಮ್ಮ ಆಯುಷ್ಮಾನ್ ಆರೋಗ್ಯ ಮಂದಿರಗಳ ಸೇವಾಪಟ್ಟಿಯಲ್ಲೂ ವೃದ್ಧರ ಮತ್ತು ಉಪಶಾಮಕ ಆರೈಕೆ ಸೇರಿದೆ; ಪಟ್ಟಿಯನ್ನು ಜೀವಂತಗೊಳಿಸಬೇಕು. ತಾಲ್ಲೂಕು ಆಸ್ಪತ್ರೆಗಳಲ್ಲಿ ಗಾಳಿಹಾಸಿಗೆಗಳನ್ನು ಎರವಲು ಕೊಡುವ ವ್ಯವಸ್ಥೆಯಾಗಲಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಅದು ದೊಡ್ಡ ಮೊತ್ತವೇನಲ್ಲ. ಡಯಾಪರ್ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಸ್ಯಾನಿಟರಿ ಪ್ಯಾಡ್‌ಗಳಿಗೆ 2018ರಲ್ಲಿ ಸಿಕ್ಕ ಪೂರ್ಣ ವಿನಾಯಿತಿ ಹಾಸಿಗೆ ಹಿಡಿದವರಿಗೂ ಏಕೆ ಸಲ್ಲಬಾರದು?

ಏಮ್ಸ್ ಬರಲಿ. ಆದರೆ ಯಾವ ದೊಡ್ಡ ಆಸ್ಪತ್ರೆ ಬಂದರೂ ರಾತ್ರಿ ಎರಡು ಗಂಟೆಗೆ ರೋಗಿಯನ್ನು ಮಗ್ಗುಲು ಹೊರಳಿಸಲು ಮನುಷ್ಯರೇ ಬೇಕು. ಆ ಮನುಷ್ಯರಿಗೆ ಹುದ್ದೆ, ಸಂಬಳ ಮತ್ತು ತರಬೇತಿ ಒದಗಿಸದ ಆರೋಗ್ಯ ನೀತಿ ಪ್ರಾಣ ಉಳಿಸಿದ್ದೇನೆಂದು ಬೀಗುವುದರಲ್ಲಿ ಅರ್ಥವಿಲ್ಲ.